ಮೂರನೇ ಸೀಲ್ ಹಾಕುವ ಮುಂಚೆ: ಹಳೇ ಜೆಟ್ ಸ್ಕೀ ಒಂದರ ಶಾಫ್ಟ್ ಮತ್ತು ಎಂಜಿನ್ ಅಲೈನ್‌ಮೆಂಟ್

"ಸೀಲ್ ಹಾಕಿಸಿ ಎರಡು ತಿಂಗಳೂ ಆಗಿಲ್ಲ ಸರ್, ಮತ್ತೆ ನೀರು ಬರ್ತಿದೆ."

ಜೆಟ್ ಸ್ಕೀ ಮಾಲೀಕರು ನನಗೆ ಹೇಳಿದ ಮೊದಲ ಮಾತು ಇದು. ಒಂದೇ ಸೀಸನ್‌ನಲ್ಲಿ ಅವರ ಯಂತ್ರಕ್ಕೆ ಎರಡು ಸಲ ಡ್ರೈವ್‌ಶಾಫ್ಟ್ ಸೀಲ್ (ಶಾಫ್ಟ್ ದಾರಿಯಲ್ಲಿ ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಉಂಗುರ) ಬದಲಾಗಿತ್ತು. ಎರಡು ಸಲವೂ ಹೊಸ ಸೀಲ್, ಸರಿಯಾದ ಅಳತೆ, ಒಳ್ಳೆ ಗ್ರೀಸ್. ಎರಡು ಸಲವೂ ಮೊದಲ ಕೆಲವು ಓಟದಲ್ಲಿ ಒಳಗೆ ಒಂದು ಹನಿ ನೀರಿಲ್ಲ. ಆಮೇಲೆ ನಿಧಾನವಾಗಿ ಶುರು. ಕೊನೆಗೆ ಅರ್ಧ ಗಂಟೆ ಓಡಿಸಿ ದಡಕ್ಕೆ ತಂದರೆ ಒಳಗೆ ಅರ್ಧ ಬಕೆಟ್ ನೀರು. ಈಗ ಮೂರನೇ ಸೀಲ್ ತಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಹಾಕಿಕೊಡಿ ಅಂತ ಕೇಳಲು ಬಂದಿದ್ದರು.

ನಾನು ಆ ಸೀಲ್ ತೆಗೆದುಕೊಂಡು ಪಕ್ಕಕ್ಕಿಟ್ಟೆ. ಹೊಸ ಸೀಲ್ ಎರಡು ತಿಂಗಳಲ್ಲಿ ಹೋಗುತ್ತಿದೆ ಅಂದರೆ ತಪ್ಪು ಸೀಲಿನದ್ದಾಗಿರುವುದು ತುಂಬಾ ಕಡಿಮೆ. ಏನೋ ಒಂದು ಅದನ್ನು ತಿನ್ನುತ್ತಿದೆ. ಅದು ಏನು ಅಂತ ಗೊತ್ತಾಗುವ ತನಕ ಹೊಸದನ್ನು ಹಾಕುವುದು ಸುಮ್ನೆ ದುಡ್ಡು ದಂಡ.

ಯಂತ್ರ ಹಳೆಯದು. ಎರಡು ಸಿಲಿಂಡರ್, ಟೂ ಸ್ಟ್ರೋಕ್, ಕೂತು ಓಡಿಸುವ ಮಾದರಿ. ಇಂಥ ಯಂತ್ರದ ಒಳಗಿನ ಜೋಡಣೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಮಾತು ಅರ್ಥ ಆಗಬೇಕಲ್ವಾ. ಎಂಜಿನ್ ನಾಲ್ಕು ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತದೆ. ಕ್ರ್ಯಾಂಕಿನ (ಎಂಜಿನ್ ತಿರುಗಿಸುವ ದಂಡದ) ಹಿಂದಿನ ತುದಿಗೆ ಒಂದು ಅಲ್ಯುಮಿನಿಯಂ ಕಪ್ಲರ್, ಶಾಫ್ಟಿನ ಮುಂದಿನ ತುದಿಗೆ ಇನ್ನೊಂದು. ಎರಡರ ನಡುವೆ ಹಲ್ಲುಹಲ್ಲಾದ ಒಂದು ರಬ್ಬರ್ ಡ್ಯಾಂಪರ್. ಶಾಫ್ಟ್ ಅಲ್ಲಿಂದ ಹಿಂದಕ್ಕೆ ಹೋಗಿ, ಒಡಲಿನ ಅಡ್ಡಗೋಡೆಗೆ ಬೋಲ್ಟ್ ಮಾಡಿರುವ ಬೇರಿಂಗ್ ಹೌಸಿಂಗ್ ಮೂಲಕ ಹಾದು, ನೀರಿನ ಕಡೆಗೆ ಹೊರಟು, ಪಂಪಿನ ಇಂಪೆಲರ್ (ನೀರು ತಳ್ಳುವ ರೆಕ್ಕೆಚಕ್ರ) ಒಳಗೆ ಸೇರುತ್ತದೆ. ನೀರು ಒಳಗೆ ಬಾರದಂತೆ ತಡೆಯುವ ಸೀಲ್‌ಗಳು ಇರುವುದು ಆ ಹೌಸಿಂಗಿನಲ್ಲೇ. ಬೇರಿಂಗ್ ಪಕ್ಕದಲ್ಲೇ ಒಂದರ ಹಿಂದೆ ಒಂದು ಸೀಲ್, ನಡುವೆ ಗ್ರೀಸ್. ಎಲ್ಲ ಕಂಪನಿಗಳೂ ಹೀಗೇ ಮಾಡುವುದಿಲ್ಲ. ಕೆಲವು ಯಂತ್ರಗಳಲ್ಲಿ ರಬ್ಬರ್ ಬೆಲ್ಲೋಸ್ ಜೊತೆ ಕಾರ್ಬನ್ ರಿಂಗ್ ಇರುತ್ತದೆ, ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ರಬ್ಬರ್ ಲಿಪ್, ಅಂದರೆ ಶಾಫ್ಟಿಗೆ ತಾಗಿ ಕೂರುವ ಒಳಅಂಚು, ಇರುವ ಸೀಲಿನ ಕಥೆ.

ನೀರು ನಿಜಕ್ಕೂ ಅಲ್ಲಿಂದಲೇ ಬರುತ್ತಿದೆಯಾ?

ಇದನ್ನು ಎರಡು ಸಲವೂ ಯಾರೂ ನೋಡಿರಲಿಲ್ಲ. ನೀರು ಬಂತು ಅಂದರೆ ಸೀಲ್ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ನೀರಿಗೆ ದಾರಿ ಬಹಳ ಇದೆ. ಡ್ರೈನ್ ಪ್ಲಗ್, ಸ್ಟಿಯರಿಂಗ್ ಕೇಬಲ್ ಹೊರಗೆ ಹೋಗುವ ಕಡೆಯ ರಬ್ಬರ್ ಬೂಟ್, ಪಂಪಿನಿಂದ ಎಂಜಿನ್‌ಗೆ ತಣ್ಣೀರು ತರುವ ಹೋಸು, ಎಕ್ಸಾಸ್ಟ್ ಹೋಸು. ಇದರಲ್ಲಿ ಕೂಲಿಂಗ್ ಹೋಸು ತುಂಬಾ ಮೋಸ ಮಾಡುತ್ತದೆ. ಎಂಜಿನ್ ಓಡುವಾಗ ಮಾತ್ರ ಅದರಲ್ಲಿ ಪ್ರೆಶರ್ ಇರುತ್ತದೆ, ಹಾಗಾಗಿ ಓಡುವಾಗ ಮಾತ್ರ ಸೋರುತ್ತದೆ. ಶಾಫ್ಟ್ ಸೀಲ್ ಸೋರಿದ ಹಾಗೇ ಕಾಣುತ್ತದೆ.

ನಾನು ಮಾಡಿದ್ದು ಇಷ್ಟು. ಒಡಲನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿದೆ. ಟಿಶ್ಯೂ ಪೇಪರ್ ಮಡಚಿ, ಅನುಮಾನ ಇರುವ ಪ್ರತಿ ಜಾಗದ ಕೆಳಗೂ ಟೇಪ್ ಹಾಕಿ ಅಂಟಿಸಿದೆ. ಎರಡು ಡ್ರೈನ್ ಪ್ಲಗ್, ಕೇಬಲ್ ಬೂಟ್, ಹೋಸಿನ ಜಾಯಿಂಟ್‌ಗಳು, ಬೇರಿಂಗ್ ಹೌಸಿಂಗಿನ ಕೆಳಗೆ ಒಂದು. ತಿರುಗುವ ಭಾಗಕ್ಕೆ ಪೇಪರ್ ಸಿಕ್ಕಿಕೊಳ್ಳದ ಹಾಗೆ ನೋಡಿಕೊಂಡೆ. ಯಂತ್ರವನ್ನು ನೀರಿಗಿಳಿಸಿ, ಹಗ್ಗ ಕಟ್ಟಿ, ಎಂಜಿನ್ ಆಫ್ ಇಟ್ಟುಕೊಂಡೇ ಹತ್ತು ನಿಮಿಷ ಕಾದೆ. ಟಾರ್ಚ್ ಬಿಟ್ಟು ನೋಡಿದರೆ ಹೌಸಿಂಗ್ ಕೆಳಗೆ ಒಂದೇ ಒಂದು ಹನಿ. ಆಮೇಲೆ ಸ್ಟಾರ್ಟ್ ಮಾಡಿದೆ. ಸೀಟು ತೆಗೆದು ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಕಾದು, ಕಪ್ಲರ್ ಮೇಲಿನ ಕವರ್ ಹಾಗೇ ಬಿಟ್ಟು, ಕೈ ದೂರ ಇಟ್ಟುಕೊಂಡು. ಇಷ್ಟು ಎಚ್ಚರಿಕೆ ಇಲ್ಲದೆ ಯಾರೂ ಇದನ್ನು ಮಾಡಬೇಡಿ. ಒಡಲಲ್ಲಿ ಪೆಟ್ರೋಲ್ ಆವಿ ನಿಂತಿದ್ದರೆ ಒಂದು ಕಿಡಿ ಸಾಕು.

ಒಂದು ನಿಮಿಷದೊಳಗೆ ಹೌಸಿಂಗ್ ಕೆಳಗಿನ ಪೇಪರ್ ನೆನೆದು ಜೋತುಬಿತ್ತು. ಉಳಿದವು ಒಣಗೇ ಇದ್ದವು. ಸರಿ, ನೀರು ಶಾಫ್ಟ್ ದಾರಿಯಲ್ಲೇ ಬರುತ್ತಿದೆ. ಶಾಫ್ಟ್ ನಿಂತಿದ್ದಾಗ ಒಂದು ಹನಿ, ತಿರುಗಿದಾಗ ಧಾರೆ. ಅಂದರೆ ಲಿಪ್ಪಿಗೂ ಶಾಫ್ಟಿಗೂ ಸರಿಯಾಗಿ ಕೂಡುತ್ತಿಲ್ಲ.

ದಡಕ್ಕೆ ತಂದು ಬ್ಯಾಟರಿ ಕೇಬಲ್ ತೆಗೆದು, ಕಪ್ಲರ್ ಕವರ್ ಬಿಚ್ಚಿದಾಗ ಇನ್ನೂ ಎರಡು ಗುರುತು ಕಂಡವು. ಕಪ್ಲರ್ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ. ಬೆರಳಿಗೆ ತಾಗಿಸಿ ಉಜ್ಜಿದರೆ ರಬ್ಬರ್ ಅಂತ ಗೊತ್ತಾಗುತ್ತದೆ. ಡ್ಯಾಂಪರ್ ಸವೆಯುತ್ತಿದೆ. ಇನ್ನೊಂದು, ಒಡಲಿನ ಎರಡೂ ಬದಿ ಗೋಡೆಯ ಮೇಲೆ ಹೌಸಿಂಗಿನ ನೇರಕ್ಕೆ ಬೂದು ಬಣ್ಣದ ಗ್ರೀಸ್ ಪಟ್ಟಿ. ನೀರು ಸೇರಿದ ಗ್ರೀಸನ್ನು ಶಾಫ್ಟ್ ಸುತ್ತಲೂ ಚಿಮ್ಮಿಸಿತ್ತು.

ಮಾಲೀಕರು ಆಗ ಒಂದು ಮಾತು ನೆನಪಿಸಿಕೊಂಡರು. "ನಡುವಿನ ಸ್ಪೀಡಲ್ಲಿ ಕಾಲಡಿ ಒಂಥರಾ ಜುಮ್ ಅನ್ನುತ್ತೆ. ಹಳೇ ಗಾಡಿ, ಇರೋದೇ ಹಾಗೆ ಅನ್ಕೊಂಡಿದ್ದೆ."

ಏನನ್ನೂ ಬಿಚ್ಚುವ ಮುಂಚೆ

ಇಲ್ಲಿ ಅವಸರ ಮಾಡಬಾರದು. ಎಂಜಿನ್ ಬೋಲ್ಟ್ ಒಂದು ಸಲ ಲೂಸ್ ಮಾಡಿದರೆ, ಮುಂಚೆ ಎಂಜಿನ್ ಎಲ್ಲಿ ಕೂತಿತ್ತು ಅನ್ನುವುದು ಮತ್ತೆ ಸಿಗುವುದಿಲ್ಲ. ಹಾಗಾಗಿ ಮೊದಲು ಅಳತೆ, ಆಮೇಲೆ ಸ್ಪ್ಯಾನರ್. ಯಂತ್ರ ಟ್ರಾಲಿಯ ಮೇಲೆ ಎರಡೂ ಕಡೆ ಸಮವಾಗಿ ಕೂತಿದೆಯಾ ಅಂತಲೂ ನೋಡಿಕೊಂಡೆ. ಒಂದೇ ಮೂಲೆಯ ಮೇಲೆ ಭಾರ ಬಿದ್ದರೆ ಒಡಲು ಸ್ವಲ್ಪ ತಿರುಚಿಕೊಂಡು ಅಳತೆ ಸುಳ್ಳು ಹೇಳುತ್ತದೆ.

ಒಂದು ನೇರ ಸ್ಟೀಲ್ ಸ್ಕೇಲ್, ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು) ಸಾಕು. ಸ್ಕೇಲನ್ನು ಎರಡೂ ಕಪ್ಲರ್‌ಗಳ ಹೊರಮೈ ಮೇಲೆ ಉದ್ದಕ್ಕೆ ಇಡಬೇಕು. ಎರಡೂ ಒಂದೇ ನೇರದಲ್ಲಿದ್ದರೆ ಸ್ಕೇಲ್ ಎರಡಕ್ಕೂ ಅಂಟಿ ಕೂರುತ್ತದೆ. ಇಲ್ಲದಿದ್ದರೆ ಒಂದರ ಮೇಲೆ ಕೂತು ಇನ್ನೊಂದರ ಮೇಲೆ ಸಂದು ಬಿಡುತ್ತದೆ. ಆ ಸಂದಿಗೆ ಫೀಲರ್ ಗೇಜ್ ತೂರಿಸಿ ಅಳೆಯುವುದು. ಮೇಲೆ, ಎಡಕ್ಕೆ, ಬಲಕ್ಕೆ, ಕೈ ಹೋದರೆ ಕೆಳಗೆ.

ಮೇಲ್ಗಡೆ ಸ್ಕೇಲ್ ಶಾಫ್ಟಿನ ಕಪ್ಲರ್ ಮೇಲೆ ಕೂತಿತು. ಎಂಜಿನ್ ಕಪ್ಲರ್ ಮೇಲೆ 1.4 ಮಿ.ಮೀ. ಸಂದು. ಅಂದರೆ ಎಂಜಿನ್ ಅಷ್ಟು ಕೆಳಗಿದೆ. ಪಕ್ಕದಲ್ಲಿ ಇಟ್ಟಾಗ ಎಂಜಿನ್ 0.4 ಮಿ.ಮೀ. ಎಡಕ್ಕೆ ಸರಿದಿತ್ತು. ಆಮೇಲೆ ಎರಡು ಕಪ್ಲರ್‌ಗಳ ಮುಖದ ನಡುವಿನ ಜಾಗ ನೋಡಿದೆ. ಮೇಲೆ 2.6, ಕೆಳಗೆ 3.1. ಎಂಜಿನ್ ಬರೀ ಕೆಳಗೆ ಇಳಿದಿಲ್ಲ, ಹಿಂಭಾಗ ಕುಸಿದು ವಾಲಿದೆ. ಹಿಂಭಾಗ ಕುಸಿದರೆ ಕಪ್ಲರಿನ ಮೇಲಂಚು ಹಿಂದಕ್ಕೆ ಬಾಗುತ್ತದೆ, ಹಾಗಾಗಿ ಮೇಲಿನ ಸಂದು ಕಿರಿದಾಗುತ್ತದೆ. ಈ ಯಂತ್ರದ ಸರ್ವಿಸ್ ಮ್ಯಾನ್ಯುಯಲ್ ಸ್ಕೇಲಿನ ಸಂದಿಗೆ 0.6 ಮಿ.ಮೀ.ವರೆಗೆ ಬಿಡುತ್ತದೆ. ನಿಮ್ಮ ಯಂತ್ರದ ಅಂಕಿ ಬೇರೆ ಇರಬಹುದು, ಅದರ ಮ್ಯಾನ್ಯುಯಲ್ಲೇ ನೋಡಿ.

ಇಷ್ಟಕ್ಕೇ ಎಂಜಿನ್ ತಪ್ಪು ಅಂತ ಹೇಳಲು ಆಗುವುದಿಲ್ಲ. ಶಾಫ್ಟ್ ಬಾಗಿದ್ದರೂ ಸ್ಕೇಲ್ ಹೀಗೇ ಸಂದು ತೋರಿಸಬಹುದು. ನಿಜ ಹೇಳಬೇಕೆಂದರೆ ಕಾಲಡಿಯ ಜುಮ್ ಕೇಳಿದಾಗ ನನಗೆ ಮೊದಲು ಬಂದ ಅನುಮಾನವೇ ಬಾಗಿದ ಶಾಫ್ಟ್. ಎರಡನ್ನೂ ಬೇರೆ ಮಾಡುವ ಒಂದು ಪರೀಕ್ಷೆ ಇದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಸ್ಪಾರ್ಕ್ ಪ್ಲಗ್ ಎರಡೂ ಬಿಚ್ಚಿದೆ, ಎಂಜಿನ್ ಕೈಯಲ್ಲೇ ಹಗುರಾಗಿ ತಿರುಗಲಿ ಅಂತ. ಎರಡೂ ಕಪ್ಲರ್ ಮೇಲೆ ಚಾಕ್‌ನಲ್ಲಿ ಒಂದು ಗೆರೆ ಎಳೆದೆ. ಗೆರೆ ಮೇಲಿದ್ದಾಗ ಅಳೆದೆ. ಎರಡನ್ನೂ ಒಟ್ಟಿಗೆ ಅರ್ಧ ಸುತ್ತು ತಿರುಗಿಸಿ, ಗೆರೆ ಕೆಳಗೆ ಹೋದಾಗ ಅದೇ ಜಾಗದಲ್ಲಿ ಮತ್ತೆ ಅಳೆದೆ. ಶಾಫ್ಟ್ ಬಾಗಿದ್ದರೆ ದೋಷ ಶಾಫ್ಟಿನ ಜೊತೆಗೇ ಸುತ್ತುತ್ತದೆ. ಮೇಲಿದ್ದ ಸಂದು ಮಾಯವಾಗುತ್ತದೆ, ಇಲ್ಲವೇ ಬೇರೆಯೇ ಅಳತೆ ಬರುತ್ತದೆ. ಎಂಜಿನ್ ಜಾಗ ತಪ್ಪಿದ್ದರೆ ದೋಷ ಒಡಲಿನ ಜೊತೆ ನಿಂತೇ ಇರುತ್ತದೆ. ಎಷ್ಟು ಸಲ ತಿರುಗಿಸಿದರೂ ಅದೇ ಜಾಗ, ಅದೇ ಅಳತೆ.

ಮೊದಲು 1.4. ತಿರುಗಿಸಿದ ಮೇಲೆ 1.35. ಕಾಲು ಸುತ್ತು ಬಿಟ್ಟು ನೋಡಿದರೂ 1.4. ದೋಷ ಕದಲಲಿಲ್ಲ.

ಆಮೇಲೆ ಮೌಂಟ್. ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಸಣ್ಣ ಸಬ್ಬಲ್ಲಿನಿಂದ ಹಗುರಾಗಿ ಎತ್ತಿದೆ. ಮೂರು ಮೌಂಟ್ ಎಂಜಿನ್ ಜೊತೆ ಒಟ್ಟಿಗೆ ಹಿಗ್ಗಿದವು. ಹಿಂದಿನ ಎಡಗಡೆಯದು ಬಾಯಿ ಬಿಟ್ಟಿತು. ರಬ್ಬರ್ ಒಂದು ಕಡೆ ತನ್ನ ಲೋಹದ ತಟ್ಟೆಯಿಂದ ಪೂರ್ತಿ ಕಿತ್ತು ಬಂದಿತ್ತು. ಎಂಜಿನ್ ಭಾರ ಮೇಲಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಬರೀ ಕಣ್ಣಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ, ಎತ್ತಿಯೇ ನೋಡಬೇಕು.

ಸೀಲಿನ ಲಿಪ್ ಏನು ಹೇಳಿತು

ಹೌಸಿಂಗ್ ಬಿಚ್ಚುವ ಮುಂಚೆ ಅದರ ನೆತ್ತಿಗೆ, ಸೀಲಿನ ಅಂಚಿಗೆ ಬಿಳಿ ಪೇಂಟಿನಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಮೇಲೆ ಯಾವುದು ಅಂತ ಗೊತ್ತಿರಬೇಕು. ಇದು ಐದು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಸೀಲ್ ಕಿತ್ತರೆ ಅದರಲ್ಲಿರುವ ಮಾಹಿತಿ ಎಲ್ಲಾ ಹೋಯಿತು ಅಂತಲೇ ಲೆಕ್ಕ.

ಪಂಪ್ ತೆಗೆದು, ಎಂಜಿನ್ ಮುಂದಕ್ಕೆ ಸರಿಸಿ, ಶಾಫ್ಟ್ ಮತ್ತು ಹೌಸಿಂಗ್ ಹೊರಗೆ ತೆಗೆದೆ. ಸೀಲನ್ನು ಹುಷಾರಾಗಿ ಬಿಡಿಸಿ, ಒರೆಸಿ, ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿದೆ. ಹೊಸ ಸೀಲಿನ ಲಿಪ್ ಚೂಪಾಗಿರುತ್ತದೆ. ಶಾಫ್ಟ್ ಉಜ್ಜಿ ಉಜ್ಜಿ ಅಲ್ಲೊಂದು ಹೊಳೆಯುವ ಸಣ್ಣ ಪಟ್ಟಿ ಬೀಳುತ್ತದೆ. ಆ ಪಟ್ಟಿಯ ಅಗಲವನ್ನೇ ಓದಬೇಕು. ಬಿಳಿ ಚುಕ್ಕೆಯ ಹತ್ತಿರ ಪಟ್ಟಿ ಕೂದಲೆಳೆಯಷ್ಟೇ. ಬೆರಳು ಇಟ್ಟು ಸುತ್ತ ಬಂದರೆ ಅದು ಅಗಲ ಆಗುತ್ತಾ ಹೋಗಿ, ಕೆಳಗೆ ಎಡಕ್ಕೆ ಒಂದು ಮಿ.ಮೀ. ದಾಟಿತ್ತು. ಅಲ್ಲಿ ರಬ್ಬರ್ ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಸಣ್ಣ ಬಿರುಕು ಕಾಣುತ್ತಿತ್ತು. ಮತ್ತೆ ಮೇಲಕ್ಕೆ ಬರುತ್ತಾ ಕಿರಿದು.

ಸೀಲ್ ನಿಂತಿರುತ್ತದೆ, ಶಾಫ್ಟ್ ತಿರುಗುತ್ತದೆ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಸವೆತ ಓದುವುದು ಸುಲಭ. ಶಾಫ್ಟ್ ಬಾಗಿದ್ದು ಸುತ್ತುತ್ತಾ ಒದರುತ್ತಿದ್ದರೆ, ಅದರ ಉಬ್ಬು ಬದಿ ಲಿಪ್ಪಿನ ಎಲ್ಲ ಕಡೆಗೂ ಸರದಿಯಲ್ಲಿ ಹೋಗಿ ಒತ್ತುತ್ತದೆ. ಲಿಪ್ ಸುತ್ತಲೂ ಒಂದೇ ಅಗಲಕ್ಕೆ ಸವೆಯುತ್ತದೆ, ಗುರುತು ಶಾಫ್ಟಿನ ಒಂದೇ ಬದಿಗೆ ಬೀಳುತ್ತದೆ. ಶಾಫ್ಟ್ ನೆಟ್ಟಗೇ ಇದ್ದು, ಸೀಲಿನ ನಡುವೆ ನಿಲ್ಲದೆ ಒಂದು ಬದಿಗೆ ಸರಿದು ಅಲ್ಲೇ ತಿರುಗುತ್ತಿದ್ದರೆ ಇದು ಉಲ್ಟಾ. ಶಾಫ್ಟ್ ಸುತ್ತಲೂ ಸಮ ಗುರುತು, ಲಿಪ್ ಮಾತ್ರ ಒಂದು ಬದಿ ಜಾಸ್ತಿ ಸವೆತ. ನಮ್ಮದು ಎರಡನೆಯದು. ಕೆಳಗೆ, ಎಡಕ್ಕೆ. ಎಂಜಿನ್ ಕುಸಿದಿದ್ದೂ ಕೆಳಗೆ, ಎಡಕ್ಕೆ.

ಕೆಳಗೆ ಲಿಪ್ ಬಿಸಿಯಾಗಿ ಸುಡುತ್ತಿತ್ತು, ಮೇಲೆ ಶಾಫ್ಟಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ನೀರು ಮೇಲಿನಿಂದ ಒಳಗೆ ಬರುತ್ತಿತ್ತು. ಇಂಥ ಎಂಜಿನ್ 6000 ಆರ್‌ಪಿಎಂ ಮುಟ್ಟಿದರೆ ಸೆಕೆಂಡಿಗೆ 100 ಸುತ್ತು. 25 ಮಿ.ಮೀ. ಶಾಫ್ಟಿನ ಮೈ ಲಿಪ್ ಮೇಲೆ ಸೆಕೆಂಡಿಗೆ ಸುಮಾರು 8 ಮೀಟರ್ ಜಾರುತ್ತದೆ. ಆ ವೇಗಕ್ಕೆ ಒಂದು ಬದಿ ಬಿಗಿದು ಹಿಡಿದರೆ ಎರಡು ತಿಂಗಳು ಬಾಳಿದ್ದೇ ದೊಡ್ಡದು.

ಅನುಮಾನ ಪೂರ್ತಿ ತೀರಲಿ ಅಂತ ಶಾಫ್ಟನ್ನು ಎರಡು ವಿ-ಬ್ಲಾಕ್ (ದುಂಡು ದಂಡ ಕೂರಿಸುವ V ಆಕಾರದ ದಿಮ್ಮಿ) ಮೇಲಿಟ್ಟು, ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಾಕಿದೆ. ಒಂದು ಸುತ್ತಿನಲ್ಲಿ ಮುಳ್ಳು ಒಟ್ಟು 0.08 ಮಿ.ಮೀ. ಆಡಿತು. ಮುಳ್ಳಿನ ಒಟ್ಟು ಓಟದ ಅರ್ಧದಷ್ಟೇ ಶಾಫ್ಟ್ ನಡುಗೆರೆಯಿಂದ ಸರಿದಿರುವುದು, ಅಂದರೆ 0.04. ಇಷ್ಟು ಹಳೇ ಶಾಫ್ಟಿಗೆ ಇದು ಚೆನ್ನಾಗಿಯೇ ಇದೆ. ಬಾಗಿದ ಶಾಫ್ಟ್ ಅನ್ನುವ ನನ್ನ ಅನುಮಾನ ಅಲ್ಲಿಗೆ ಮುಗಿಯಿತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಸೀಲ್ ಮತ್ತು ಬೇರಿಂಗ್ ಎರಡೂ ಒಂದೇ ಹೌಸಿಂಗಿನಲ್ಲಿ, ಅಕ್ಕಪಕ್ಕ. ಬೇರಿಂಗ್ ಶಾಫ್ಟನ್ನು ನಡುವೆ ಹಿಡಿದಿರಬೇಕು. ಎಂಜಿನ್ ಎಷ್ಟೇ ಎಳೆದರೂ ಸೀಲ್ ಹತ್ತಿರ ಶಾಫ್ಟ್ ಸರಿಯುವುದು ಹೇಗೆ?

ಹೌಸಿಂಗನ್ನು ವೈಸ್‌ನಲ್ಲಿ ಕಟ್ಟಿ, ಶಾಫ್ಟ್ ತೂರಿಸಿ, ಸೀಲ್ ಕೂರುವ ಜಾಗದಲ್ಲಿ ಡಯಲ್ ಇಟ್ಟು, ಶಾಫ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದೆ. 0.22 ಮಿ.ಮೀ. ಪ್ಲೇ, ಅಂದರೆ ಸಡಿಲ. ಬೇರಿಂಗ್ ಹೋಗಿತ್ತು. ಬೆರಳಲ್ಲಿ ತಿರುಗಿಸಿದರೆ ಮಾತ್ರ ಸೊಗಸಾಗಿ ತಿರುಗುತ್ತಿತ್ತು. ಹಿಂದೆ ಕೆಲಸ ಮಾಡಿದವರು ಅದನ್ನು ಹಾಗೇ ಬಿಟ್ಟಿದ್ದು ಅದಕ್ಕೇ ಇರಬೇಕು. ಗ್ರೀಸ್ ತೊಳೆದುಹೋದ ಬೇರಿಂಗ್ ಹೊಸದಕ್ಕಿಂತ ಹಗುರಾಗಿ ತಿರುಗುತ್ತದೆ. ಕಿವಿ ಹತ್ತಿರ ತಂದಾಗ ಒಣ ಸದ್ದು ಕೇಳಿಸಿತು, ಮರಳು ಉಜ್ಜಿದ ಹಾಗೆ.

ಈಗ ಸರಪಳಿ ಪೂರ್ತಿ ಕಂಡಿತು. ಮೌಂಟ್ ಕಿತ್ತು ಎಂಜಿನ್ ಹಿಂಭಾಗ ಕುಸಿಯಿತು. ಕಪ್ಲರ್ ಪ್ರತಿ ಸುತ್ತಿಗೂ ಡ್ಯಾಂಪರನ್ನು ಹಿಸುಕಿ ಶಾಫ್ಟಿನ ಮೂತಿಯನ್ನು ಕೆಳಕ್ಕೆ ಎಳೆಯಿತು. ಆ ಭಾರ ಹೊತ್ತು ಬೇರಿಂಗ್ ಸವೆಯಿತು. ಬೇರಿಂಗ್ ಸಡಿಲ ಆದ ಮೇಲೆ ಶಾಫ್ಟ್ ಸೀಲಿನ ನಡು ಬಿಟ್ಟು ಕೆಳಗೆ ಕೂತಿತು. ಸೀಲ್ ಸೋರಿದ ನೀರು ಬೇರಿಂಗಿನ ಗ್ರೀಸ್ ತೊಳೆಯಿತು, ಸವೆತ ಇನ್ನೂ ಜಾಸ್ತಿ ಆಯಿತು. ಈ ಸಾಲಿನಲ್ಲಿ ಸೀಲ್ ಇರುವುದು ಕೊನೆಯಲ್ಲಿ. ಅದೊಂದನ್ನೇ ಬದಲಿಸಿದರೆ ಎಷ್ಟು ಸಲ ಬದಲಿಸಿದರೂ ಇದೇ ಗತಿ. ಹಿಂದೆ ಹಾಕಿದವರು ಕೈಕೆಲಸದಲ್ಲಿ ತಪ್ಪು ಮಾಡಿರಲಿಲ್ಲ, ಸೀಲ್ ನೀಟಾಗಿಯೇ ಕೂತಿತ್ತು. ಆದರೆ ಕಿತ್ತ ಹಳೇ ಸೀಲನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿದ್ದರೆ ಈ ಮಾಲೀಕರ ಒಂದು ಸೀಸನ್ ಉಳಿಯುತ್ತಿತ್ತು. ಅದು ನನಗೆ ಬೇಜಾರು.

ಶಾಫ್ಟ್ ಮೇಲಿನ ಗೀರು

ಶಾಫ್ಟಿನ ಮೇಲೆ ಲಿಪ್ ಓಡಿದ ಜಾಗದಲ್ಲಿ ಎರಡು ಸಣ್ಣ ಗೀರು ಬಿದ್ದಿದ್ದವು. ಉಗುರು ಎಳೆದರೆ ತಡೆಯುತ್ತಿತ್ತು. ಮೈಕ್ರೋಮೀಟರ್ ಪಕ್ಕದ ಒಳ್ಳೇ ಜಾಗದಲ್ಲಿ 24.98, ಗೀರಿನಲ್ಲಿ 24.86 ತೋರಿಸಿತು. ಅಂದರೆ ಆಳ 0.06. ಉಗುರಿಗೆ ಸಿಕ್ಕುವ ಗೀರಿನ ಮೇಲೆ ಹೊಸ ಲಿಪ್ ಕೂರಿಸಬಾರದು. ಅಳತೆ ಲೆಕ್ಕದಲ್ಲಿ ಸೀಲ್ ಸರಿ ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಮೂರು ದಾರಿ ಇತ್ತು. ಹೊಸ ಶಾಫ್ಟ್. ಇಲ್ಲವೇ ಗೀರಿನ ಮೇಲೆ ತೆಳು ಸ್ಟೇನ್‌ಲೆಸ್ ಸ್ಲೀವ್ ತೊಡಿಸುವುದು. ಅವು ಸುಮಾರು 0.28 ಮಿ.ಮೀ. ದಪ್ಪ ಇರುವುದರಿಂದ ಹಳೇ ಅಳತೆಯ ಸೀಲೇ ನಡೆಯುತ್ತದೆ. ಮೂರನೆಯದು, ಲಿಪ್ ಓಡುವ ಜಾಗವನ್ನೇ ಸ್ವಲ್ಪ ಸರಿಸುವುದು. ಹೌಸಿಂಗಿನಲ್ಲಿ ಸೀಲ್ ಕೂರುವ ಬೋರ್ (ದುಂಡು ಕುಳಿ) 3 ಮಿ.ಮೀ. ಜಾಸ್ತಿ ಆಳ ಇತ್ತು. ಹಾಗಾಗಿ ಸೀಲ್ ಹಿಂದೆ 2 ಮಿ.ಮೀ. ರಿಂಗ್ ಕೊಟ್ಟು ಕೂರಿಸಿದರೆ ಲಿಪ್ ಒಳ್ಳೇ ಮೈ ಮೇಲೆ ಬರುತ್ತದೆ. ನಾನು ಇದನ್ನೇ ಆರಿಸಿಕೊಂಡೆ. ಎರಡು ವಿಷಯ ಖಾತ್ರಿ ಮಾಡಿಕೊಂಡ ಮೇಲೆ. ಒಂದು, ಸರಿಸಿದ ಸೀಲ್ ಗ್ರೀಸ್ ಬರುವ ತೂತನ್ನು ಮುಚ್ಚುವುದಿಲ್ಲ. ಇನ್ನೊಂದು, ಹೊಸ ಜಾಗದಲ್ಲಿ ತುಕ್ಕಿನ ಗುಳಿ ಇಲ್ಲ.

ಶಾಫ್ಟಿಗೆ ಪಾಲಿಶ್ ಕೊಡುವಾಗ ಒಂದು ತಪ್ಪು ಜಾಸ್ತಿ ಜನ ಮಾಡುತ್ತಾರೆ. ಎಮರಿ ಪೇಪರನ್ನು ಶಾಫ್ಟಿನ ಉದ್ದಕ್ಕೆ ಎಳೆಯುತ್ತಾರೆ. ಹಾಗೆ ಬಿದ್ದ ಗೆರೆಗಳು ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ. ಓರೆಯಾಗಿ ಎಳೆದರೆ ಇನ್ನೂ ಕೆಟ್ಟದ್ದು, ಸ್ಕ್ರೂವಿನ ಥರ ಶಾಫ್ಟ್ ತಿರುಗುತ್ತಾ ನೀರನ್ನು ತಾನೇ ಒಳಗೆ ಪಂಪ್ ಮಾಡಬಹುದು. ಸುತ್ತ ಮಾತ್ರ ಉಜ್ಜಬೇಕು. ಕನ್ನಡಿಯ ಹಾಗೆ ಹೊಳೆಯಬೇಕಾಗಿಯೂ ಇಲ್ಲ. ಲಿಪ್ ಓಡುವ ಮೈಗೆ 0.2ರಿಂದ 0.8 ಮೈಕ್ರಾನ್ ಒರಟುತನ ಸರಿ, ಗ್ರೀಸ್ ಹಿಡಿದುಕೊಳ್ಳಲು ಅಷ್ಟು ಬೇಕೇ ಬೇಕು.

ಬೋರಿನ ಒಳಗೂ ಬೆರಳಾಡಿಸಿ ನೋಡಿದೆ. ಸ್ಕ್ರೂಡ್ರೈವರಿನಿಂದ ಸೀಲ್ ಕಿತ್ತಾಗ ಬಿದ್ದ ಒಂದು ಗೀರು ಇತ್ತು. ಅದರ ಎದ್ದ ಅಂಚನ್ನು ಮಾತ್ರ ಉಜ್ಜಿ ತೆಗೆದು, ಸೀಲಿನ ಹೊರಮೈಗೆ ತೆಳುವಾಗಿ ಸೀಲಂಟ್ ಸವರಿದೆ. ಸೀಲ್ ಹೊರಗಿನಿಂದಲೂ ಸೋರುತ್ತದೆ ಅನ್ನುವುದು ಮರೆತೇ ಹೋಗುತ್ತದೆ ಅಲ್ವಾ.

ಜೋಡಣೆ, ಮತ್ತೆ ಒಂದು ವಾಷರ್

ಹೊಸ ಬೇರಿಂಗ್ ಕೂತ ಮೇಲೆ ಅದೇ ಜಾಗದಲ್ಲಿ ಡಯಲ್ ಇಟ್ಟರೆ ಮುಳ್ಳು 0.02 ಅಷ್ಟೇ ಆಡಿತು. ಸೀಲಿನ ಸ್ಪ್ರಿಂಗ್ ಇರುವ ಬದಿ ನೀರಿನ ಕಡೆಗೆ. ಎರಡು ಸೀಲಿನ ನಡುವೆ ನೀರಿಗೆ ಜಗ್ಗದ ಗ್ರೀಸ್. ಸೀಲನ್ನು ಅದರ ಹೊರಅಂಚಿನ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿ, ನಾಲ್ಕು ಕಡೆ ಕ್ಯಾಲಿಪರಿನಿಂದ ಆಳ ನೋಡಿದೆ. ಓರೆ ಕೂತಿರಲಿಲ್ಲ. ಶಾಫ್ಟಿನ ತುದಿಯ ಹಲ್ಲುಗಳಿಗೆ ಟೇಪ್ ಸುತ್ತಿ ತೂರಿಸಿದೆ. ಆ ಹಲ್ಲು ಹೊಸ ಲಿಪ್ಪನ್ನು ಒಂದೇ ಏಟಿಗೆ ಸೀಳುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಇಲ್ಲಿ ಮುಖ್ಯ. ಪಂಪ್ ಒಡಲಿಗೆ ಗಟ್ಟಿಯಾಗಿ ಬಿಗಿದಿರುವ ವಸ್ತು, ಅದನ್ನು ಆಚೀಚೆ ಮಾಡಲು ಆಗುವುದಿಲ್ಲ. ಹಾಗಾಗಿ ಅದು ಮೊದಲು. ಹೌಸಿಂಗ್ ಬೋಲ್ಟ್‌ಗಳನ್ನು ಲೂಸ್ ಬಿಟ್ಟು, ಶಾಫ್ಟನ್ನು ಪಂಪಿನ ಒಳಗೆ ಸೇರಿಸಿ, ಪಂಪ್ ಬಿಗಿದೆ. ಬೋಲ್ಟಿನ ತೂತು ಒಂದಿಷ್ಟು ದೊಡ್ಡದಿರುತ್ತದೆ, ಹೌಸಿಂಗ್ ಶಾಫ್ಟಿನ ಜೊತೆ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಆಮೇಲೆ ಹೌಸಿಂಗ್ ಬೋಲ್ಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಎಂಜಿನ್ ಕೊನೆಗೆ. ಎಂಜಿನ್ನನ್ನು ಶಾಫ್ಟಿನ ಹತ್ತಿರ ತರಬೇಕು, ಶಾಫ್ಟನ್ನು ಎಂಜಿನ್ ಹತ್ತಿರ ಎಳೆಯಬಾರದು.

ಮೌಂಟ್ ನಾಲ್ಕೂ ಹೊಸದು ಹಾಕಿದೆ. ಕಿತ್ತಿದ್ದು ಒಂದೇ, ಆದರೆ ಹಳೆಯ ಮೂರು ಒತ್ತಿ ಚಪ್ಪಟೆಯಾಗಿರುತ್ತವೆ. ಒಂದು ಹೊಸದು ಸೇರಿಸಿದರೆ ಎಂಜಿನ್ ಆ ಕಡೆ ಎದ್ದು ನಿಲ್ಲುತ್ತದೆ. ಪ್ರತಿ ಮೌಂಟ್ ಕೆಳಗಿದ್ದ ಶಿಮ್ (ಎತ್ತರ ಸರಿಮಾಡಲು ಇಡುವ ತೆಳು ತಗಡು) ಅದರ ಜಾಗಕ್ಕೇ ಹೋಗುವ ಹಾಗೆ ಗುರುತು ಹಾಕಿ ಇಟ್ಟಿದ್ದೆ. ಎಂಜಿನ್ ಕೂರಿಸಿ ಸ್ಕೇಲ್ ಇಟ್ಟೆ.

ಎಂಜಿನ್ 0.8 ಮಿ.ಮೀ. ಮೇಲೆ, ಬಲಕ್ಕೂ ಸ್ವಲ್ಪ ಸರಿದಿತ್ತು.

ಒಂದು ಗಳಿಗೆ ಅರ್ಥ ಆಗಲಿಲ್ಲ. ಹೊಸ ಮೌಂಟ್, ಹಳೇ ಶಿಮ್, ಸರಿಯಾಗಿ ಬರಬೇಕಿತ್ತು. ಒಂದೊಂದೇ ಶಿಮ್ ತೆಗೆದು ಮತ್ತೆ ನೋಡಿದೆ. ಹಿಂದಿನ ಎಡಗಡೆ ಇದ್ದದ್ದರಲ್ಲಿ ಒಂದು ಶಿಮ್ಮೇ ಅಲ್ಲ. ಗ್ರೀಸ್ ಮೆತ್ತಿಕೊಂಡು ಅದರ ಜೊತೆ ಅಂಟಿದ್ದ ಮಾಮೂಲಿ ದುಂಡು ವಾಷರ್, 1.6 ಮಿ.ಮೀ. ದಪ್ಪ. ಅಂದರೆ ಹಿಂದೆ ಎಂದೋ ಯಾರೋ ಎಂಜಿನ್ ಕುಸಿದದ್ದನ್ನು ಕಂಡಿದ್ದರು. ಮೌಂಟ್ ಹೋಗಿದೆ ಅಂತ ತಿಳಿಯದೆ ಕೆಳಗೆ ವಾಷರ್ ತುರುಕಿ ಎತ್ತಿ ನಿಲ್ಲಿಸಿದ್ದರು. ಆಮೇಲೆ ರಬ್ಬರ್ ಇನ್ನೂ ಹರಿದು ಎಂಜಿನ್ ಮತ್ತೆ ಇಳಿಯಿತು. ಈ ತೊಂದರೆ ಎರಡು ಸೀಲಿಗಿಂತ ಬಹಳ ಹಿಂದಿನದು.

ವಾಷರ್ ತೆಗೆದ ಮೇಲೆ ಎಂಜಿನ್ ತನ್ನ ಜಾಗಕ್ಕೆ ಇಳಿಯಿತು. ಮೇಲೆ 0.1, ಪಕ್ಕದಲ್ಲಿ 0.1. ಬೋಲ್ಟ್ ಬಿಗಿದ ಮೇಲೆ ಮತ್ತೆ ಅಳೆದರೆ ಮೇಲೆ 0.35 ಆಗಿತ್ತು. ಬಿಗಿಯುವಾಗ ಎಂಜಿನ್ ಯಾವಾಗಲೂ ಸ್ವಲ್ಪ ಕದಲುತ್ತದೆ. ಲೂಸ್ ಇರುವಾಗ ಅಳೆದು ಸರಿ ಅಂತ ಬಿಟ್ಟುಬಿಡುವುದು ದೊಡ್ಡ ತಪ್ಪು. ಹಿಂದಿನ ಎರಡೂ ಮೌಂಟಿಗೆ ತೆಳುವಾದ ಒಂದೊಂದು ಶಿಮ್ ಕೊಟ್ಟು ಮತ್ತೆ ಬಿಗಿದೆ. ಕೊನೆಗೆ ಮೇಲೆ 0.2, ಪಕ್ಕದಲ್ಲಿ 0.1, ಮುಖದ ಸಂದು ಮೇಲೆ 2.9 ಕೆಳಗೆ 3.0. 0.6ರ ಮಿತಿ ಇದೆಯಲ್ಲ, ಸಾಕು ಅನ್ನಬಹುದಿತ್ತು. ಆದರೆ ಹೊಸ ರಬ್ಬರ್ ಇನ್ನೂ ಕೂರುತ್ತದೆ. ಅದಕ್ಕೆ ಜಾಗ ಬಿಟ್ಟಿರಬೇಕು. ಚಾಕ್ ಗೆರೆ ಎಳೆದು ಅರ್ಧ ಸುತ್ತಿನ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿದೆ. ಅಳತೆ ಬದಲಾಗಲಿಲ್ಲ.

ಡ್ಯಾಂಪರ್ ಹೊಸದು ಹಾಕಿದೆ. ಗ್ರೀಸ್ ಗನ್ ನಿಧಾನಕ್ಕೆ ಒತ್ತಿ, ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿದೆ. ಬಲವಾಗಿ ತುಂಬಿದರೆ ಗ್ರೀಸೇ ಲಿಪ್ಪನ್ನು ಹೊರಕ್ಕೆ ಮಗುಚಿಬಿಡುತ್ತದೆ. ಅಷ್ಟು ಕಷ್ಟಪಟ್ಟು ಕೂರಿಸಿದ ಸೀಲ್ ಗನ್ನಿನ ಎರಡು ಏಟಿಗೆ ಹೋಗುವುದನ್ನು ನಾನು ನೋಡಿದ್ದೇನೆ.

ನೀರಿನಲ್ಲಿ

ಮತ್ತೆ ಅದೇ ಟಿಶ್ಯೂ ಪೇಪರ್, ಅದೇ ಜಾಗಗಳು. ಕಟ್ಟಿಹಾಕಿ ಐದು ನಿಮಿಷ, ಆಮೇಲೆ ಮಾಲೀಕರೇ ಇಪ್ಪತ್ತು ನಿಮಿಷ ಓಡಿಸಿ ತಂದರು. ಎಂಜಿನ್ ಆಫ್ ಮಾಡಿ ಹೌಸಿಂಗ್ ಮೇಲೆ ಕೈಯಿಟ್ಟೆ. ಉಗುರು ಬೆಚ್ಚಗೆ, ಅಷ್ಟೇ. ಅದರ ಕೆಳಗಿನ ಪೇಪರ್ ಗರಿಗರಿ. ಎಡಗಡೆ ಡ್ರೈನ್ ಪ್ಲಗ್ ಕೆಳಗಿನದು ಮಾತ್ರ ಒಂದು ಮೂಲೆ ಒದ್ದೆಯಾಗಿತ್ತು. ಅದರ ರಬ್ಬರ್ ವಾಷರ್ ಬದಲಿಸಿದೆವು.

ಐದು ಗಂಟೆ ಓಡಿದ ಮೇಲೆ ಕರೆಸಿ ಸ್ಕೇಲ್ ಇಟ್ಟು ನೋಡಿದೆ. ಮೇಲಿನ ಸಂದು 0.2ರಿಂದ 0.3ಕ್ಕೆ ಬಂದಿತ್ತು. ಮುಟ್ಟಲಿಲ್ಲ. ಇಪ್ಪತ್ತು ಗಂಟೆಗೆ ಮತ್ತೆ ನೋಡಿದಾಗಲೂ 0.3. ಮೌಂಟ್ ಕೂತಾಯಿತು. ಕಪ್ಲರ್ ಕೆಳಗೆ ಕಪ್ಪು ಪುಡಿ ಇರಲಿಲ್ಲ.

ಕಾಲಡಿಯ ಜುಮ್ ಬಹಳ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಪಂಪ್ ತೆಗೆದಾಗ ಇಂಪೆಲರಿನ ಒಂದು ರೆಕ್ಕೆಯ ಅಂಚಿನಲ್ಲಿ ಕಲ್ಲು ಬಡಿದ ಕಚ್ಚು ಕಂಡಿದ್ದೆ, ಉಳಿದದ್ದು ಅದರದ್ದೇ ಇರಬೇಕು. ಸೀಸನ್ ಮುಗಿದ ಮೇಲೆ ಅದನ್ನು ಬಿಚ್ಚಿ ಬ್ಯಾಲೆನ್ಸ್ ಮಾಡಿಸೋಣ ಅಂತ ಮಾತಾಗಿದೆ. ಅವರು ಕೈಯಲ್ಲಿ ಹಿಡಿದು ತಂದಿದ್ದ ಆ ಮೂರನೇ ಸೀಲೇ ಈಗ ಒಳಗಿರುವುದು.